ಉಮಾದೇವಿಯ ಲಾಂಗ್‌ಜಂಪ್, ಮಾಶಾಬಿಯ ಕೈ

ಉಮಾದೇವಿ ಅಂದ್ರ ಶಹಾಬಾದಿನ ಒಂದು ಡಿಪ್ಲೊಮಾ ಕಾಲೇಜಿನ್ಯಾಗ ಸಿ ಅನ್ನೋ ಕಂಪ್ಯೂಟರ್ ಭಾಷಾದ ಲ್ಯಾಬ್ ತಗೊಳ್ಳೋ ಮೇಡಂ, ವಯಸ್ಸು ಮೂವತ್ತಾರು, ದಿನಾ ಮುಂಜಾನಿ ವಾಡಿ ಸ್ಟೇಷನ್‌ದಾಗ ಪ್ಯಾಸೆಂಜರ್ ಗಾಡಿ ಹತ್ತಿ ಬರ್ತಾಳ, ಸೀಟ್ ಸಿಗಲಿಲ್ಲಂದ್ರ ಬಾಗಲ ಹತ್ರ ನಿಂತೇ ಲ್ಯಾಪ್‌ಟಾಪ್ ತೆಗೀತಾಳ, ಮತ್ತ ಯಾರದರ ಪ್ರೋಗ್ರಾಮಿನ್ಯಾಗ ಒಂದು ತಪ್ಪ ಸಿಕ್ತಂದ್ರ ಆಕಿ ಮಾರಿ ಹೆಂಗ ಅರಳ್ತದಂದ್ರ, ಮಗ್ಗಲ ನಿಂತ ಮಂದಿ ಈಕಿಗೇನೋ ಲಗ್ನದ ಮೆಸೇಜ್ ಬಂದದ ಅಂತ ತಿಳ್ಕೋಬೇಕು! ಹಂಗ ಹುಚ್ಚು. ಸಿ ಅಂದ್ರ ಪುರಾ ಹುಚ್ಚು.

ಲ್ಯಾಬ್ ಮುಗದ ಮ್ಯಾಲ ಆಕಿ ಸೀದಾ ಮನಿಗೆ ಹೋಗ್ತಿದ್ದಿಲ್ಲ, ನಾಗೇಂದ್ರಪ್ಪ ಸಾವ್ಕಾರ್ರ ಪರಸಿ ಯಾರ್ಡಿಗೆ ಹೋಗ್ತಿದ್ಳು. ಪರಸಿ ಅಂದ್ರ ನೆಲಕ್ಕ ಹಾಸೋ ಶಹಾಬಾದಿ ಕಲ್ಲು, ಆ ಕಲ್ಲು ಕೊಯ್ಯೋ ಮಷೀನಿನ ಪ್ಯಾನೆಲ್ಲಿನ ಪ್ರೋಗ್ರಾಮ್ ಆಕೀದೇ. ಆ ಕೆಲಸ ಕೊಡಿಸಿದಾಕಿ ಮಾಶಾಬಿ.

ಮಾಶಾಬಿ ಮತ್ತ ಉಮಾದೇವಿ ಒಂದನೇತ್ತಾದಿಂದ ಹತ್ತನೇತ್ತಾ ತನಕ ಒಂದೇ ಬೆಂಚು. ಹತ್ತನೇತ್ತಾ ಆದ ಮ್ಯಾಲ ಒಬ್ಬಾಕಿಗೆ ಕಂಪ್ಯೂಟರ್, ಒಬ್ಬಾಕಿಗೆ ನಿಖಾ. ಹದಿನಾಲ್ಕ ವರ್ಷದಿಂದ ಮಾಶಾಬಿ ಆ ಯಾರ್ಡಿನ್ಯಾಗ ಕೊಯ್ದ ಕಲ್ಲು ಎತ್ತಿ ಇಡೋ ಕೆಲಸ ಮಾಡ್ತಿದ್ಳು. ಹೈದರಾಬಾದಿನಿಂದ ತರಿಸಿದ ಹೊಸ ಪ್ಯಾನೆಲ್ಲು ಎರಡೇ ತಿಂಗಳಿಗೆ ಸತ್ತ ಬಿದ್ದಾಗ ಸಾವ್ಕಾರ್ರು ತಲಿ ಮ್ಯಾಲ ಕೈ ಹೊತ್ತು ಕುಂತಿದ್ರು, ಆವಾಗ ಮಾಶಾಬಿ ಸೆರಗಿಲೆ ಬೆವರು ಒರೆಸ್ಕೋತ, "ಯಾಕ ಚಿಂತಿ ಮಾಡ್ತೀರಿ ಸಾವ್ಕಾರೇ, ನಮ್ಮ ಉಮಾ ಅದಾಳಲ್ಲ, ಆಕಿ ಕಂಪ್ಯೂಟರಿನ ಕಿವಿ ಹಿಂಡಿ ಮಾತಾಡಸ್ತಾಳ" ಅಂದಳಂತ.

ಉಮಾದೇವಿ ಬಂದ್ಳು. ಒಂದು ವಾರ ಏನೂ ಬರೀಲಿಲ್ಲ, ಸುಮ್ನ ಯಾರ್ಡಿನ್ಯಾಗ ಕುಂತು ನೋಡಿದ್ಳು. ಮಧ್ಯಾಹ್ನ ಇಬ್ಬರೂ ಕಲ್ಲಿನ ಗುಂಪಿ ಮ್ಯಾಲ ಕುಂತು ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನೋರು, ತಿನ್ಕೋತ ಮಾಶಾಬಿ ಪಾಠ ಹೇಳೋಳು.

"ನೋಡ್ ಉಮಿ, ಬ್ಲೇಡ್ ಮ್ಯಾಲ ಕಬ್ಬಿಣದ ಮುಚ್ಚಳ ಅದ, ಕಣ್ಣಿಗಿ ಕಾಣಂಗಿಲ್ಲ. ಸಪ್ಪಳ ಕೇಳಾಣಂದ್ರ ಎಂಟು ಮಷೀನ್ ಒದರಾಕತ್ತಾವ. ಅದಕ್ಕ ನಾವು ನೀರು ನೋಡ್ತೀವಿ. ಮುಚ್ಚಳದ ಬುಡಕ ನೀರು ಬೀಳಾಕತ್ತದ ಅಂದ್ರ ಬ್ಲೇಡ್ ತಿರಗಾಕತ್ತದ. ನೀರು ನಿಂತು ಅಂದ್ರ ಬ್ಲೇಡ್ ಬಂದ್ ಆತು. ಆದ್ರ ಅದು ಗಕ್ಕನ ನಿಂದ್ರಂಗಿಲ್ಲ, ಜರಾ ತಿರಗೇ ನಿಂದರ್ತದ. ಹತ್ತು ಎಣಿಸಿ ಕೈ ಹಾಕಬೇಕು."

"ಯಾರು ಕಲಿಸ್ಯಾರ ಇದು?"

"ಯಾರ್ ಕಲಸ್ತಾರ? ಹಳೀ ಮಷೀನಿಗೆ ಒಂದೇ ಹಿಡಿಕಿ ಇತ್ತು, ಎಳದ್ರ ಬ್ಲೇಡೂ ಬಂದ್, ನೀರೂ ಬಂದ್. ನಮ್ಮತ್ತಿ ಕಾಲದಿಂದ ಹಿಂಗೇ. ಎಲ್ಲಾ ಹೆಣ್ಮಕ್ಕಳೂ ಹಿಂಗೇ."

ಉಮಾದೇವಿ ಅದನ್ನ ಕೇಳಿದ್ಳು. ಕೇಳಿ ನಕ್ಕು ಇನ್ನೊಂದು ರೊಟ್ಟಿ ಮುರಕೊಂಡ್ಳು.

ಮೊದಲನೇ ಪ್ರೋಗ್ರಾಮ್ ಭಾಳ ಸಾದಾ ಇತ್ತು. ಒಂದು ಫಂಕ್ಷನ್, ಅಂದ್ರ ಒಂದು ಕೆಲಸ ಮಾಡೋ ತುಂಡು, ಇನ್ನೊಂದನ್ನ ಕರೀತದ, ಅದು ಮತ್ತೊಂದನ್ನ ಕರೀತದ. ಎಲ್ಲಾಕ್ಕಿಂತ ಮ್ಯಾಲ ಮೇನ್ ಅನ್ನೋ ಫಂಕ್ಷನ್, ಅದರ ಕೆಳಗ ಒಂದು ಕಲ್ಲಿನ ಪುರಾ ಕೆಲಸ ನೋಡೋ ಫಂಕ್ಷನ್, ಅದರ ಕೆಳಗ ಒಂದೊಂದು ಕೊಯ್ತ ನೋಡೋದು, ಬ್ಲೇಡ್ ಚಾಲೂ ಬಂದ್ ಎಲ್ಲಾ ಅದರ ಕೈಯಾಗ, ಎಲ್ಲಾಕ್ಕಿಂತ ತಳದಾಗ ನೀರು ಬರಾಕತ್ತದೋ ಇಲ್ಲೋ ನೋಡೋ ಪುಟಾಣಿ ಫಂಕ್ಷನ್. ನೀರಿಲ್ಲಂದ್ರ ಅದು ತನ್ನ ಮ್ಯಾಲಿನದಕ್ಕ ಎರರ್ ಕೊಡ್ತದ, ಮ್ಯಾಲಿನದು ಬ್ಲೇಡ್ ಬಂದ್ ಮಾಡಿ ತನ್ನ ಮ್ಯಾಲಿನದಕ್ಕ ಹೇಳ್ತದ, ಹಿಂಗ ಮೆಟ್ಟಲ ಮೆಟ್ಟಲ ಹತ್ತಿ ಮೇನ್ ತನಕ ಸುದ್ದಿ ಬರ್ತದ. ಒಂದೊಂದು ಎರರಿಗೆ ಪ್ರತಿ ಮೆಟ್ಟಲಿಗೂ ಒಂದು ಇಫ್, ಅಂದ್ರ "ಹಿಂಗಾದ್ರ ಹಿಂಗ ಮಾಡು" ಅನ್ನೋ ಸಾಲು. ನಲವತ್ತೊಂದು ಇಫ್! ಎರಡು ವರ್ಷ ಚೆಂದ ನಡೀತು, ಚಿತ್ತಾಪುರದ ಒಂದು ಯಾರ್ಡು, ಸೇಡಂ ರೋಡಿನ ಒಂದು ಯಾರ್ಡು ಅದನ್ನೇ ಹಾಕಿಸ್ಕೊಂಡ್ವು. ಆದ್ರ ಆ ನಲವತ್ತೊಂದು ಇಫ್ ನೋಡಿದಾಗೆಲ್ಲ ಉಮಾದೇವಿಗೆ ಅಂಗಿಗೆ ಅಡ್ಡಾದಿಡ್ಡಿ ತ್ಯಾಪಿ ಹಚ್ಚಿದಂಗ ಅನಸ್ತಿತ್ತು.

ಆಮ್ಯಾಲ ಆಕಿಗೆ ಲಾಂಗ್‌ಜಂಪ್ ಸಿಕ್ತು.

ಅಯ್ಯೋ ಅದು ಎಂಥಾ ಚೀಜ್ ಅಂದ್ರ! ಮೇನ್‌ದಾಗ ಸೆಟ್‌ಜಂಪ್ ಅಂತ ಒಂದು ಸಾಲು ಬರೀಬೇಕು, ಅಂದ್ರ ಬೇಸಿಕಲಿ "ನಾ ಇಲ್ಲಿ ನಿಂತೀನಿ, ಗುರ್ತ ಇಟ್ಕೋ" ಅಂತ ಹೇಳಿದಂಗ. ಆವಾಗ ಅದು ಸೊನ್ನಿ ಕೊಡ್ತದ, ಕೆಲಸ ಮುಂದ ನಡೀತದ. ಆಮ್ಯಾಲ ಎಷ್ಟೇ ಆಳಕ್ಕ ಹೋಗಿರ್ಲಿ, ಹತ್ತು ಫಂಕ್ಷನ್ ಕೆಳಗ ಇರ್ಲಿ, ಅಲ್ಲಿ ಏನರ ಕೆಟ್ತಂದ್ರ ಲಾಂಗ್‌ಜಂಪ್ ಅಂತ ಒಂದೇ ಸಾಲು, ಖಲಾಸ್, ನಡುವಿನ ಮೆಟ್ಟಲು ಯಾವೂ ಇಲ್ಲ, ಸೀದಾ ಮೇನ್‌ದಾಗ ಬಂದು ಬೀಳ್ತದ! ಅದೇ ಸೆಟ್‌ಜಂಪ್ ಎರಡನೇ ಸಲ ವಾಪಸ್ ಬರ್ತದ, ಈ ಸಲ ಸೊನ್ನಿ ಅಲ್ಲ, ಎರರ್ ನಂಬರ್ ಹಿಡಕೊಂಡು. ಒಂದು ಸಲ ಕರದದ್ದು ಎರಡು ಸಲ ಬರ್ತದ ಅಂದ್ರ ಯಾರಿಗೆ ಮಜಾ ಅನಸಲ್ಲ ಹೇಳ್ರಿ? ಉಮಾದೇವಿ ಒಂದು ಆಯಿತಾರ ಪುರಾ ಕುಂತು ನಲವತ್ತೊಂದು ಇಫ್ ಕಿತ್ತು ಒಗದ್ಳು. ಪ್ರೋಗ್ರಾಮ್ ಅರ್ಧಕ್ಕರ್ಧ ಆತು, ಹೊಸದಾಗಿ ಸಾರಿಸಿದ ಅಂಗಳ ಆದಂಗ ಆತು. ಮೇಜಿನ ಮ್ಯಾಲ ಬೋರ್ಡ್ ಇಟ್ಟು, ನೀರಿನ ಸುದ್ದಿ ಕೊಡೋ ವೈರ್ ಕಿತ್ತು ಟೆಸ್ಟ್ ಮಾಡಿದ್ಳು, ಸ್ಕ್ರೀನ್ ಮ್ಯಾಲ ಟಕ್ ಅಂತ ಇ ಮೂರು ಅಂತ ಬಂತು. ಇ ಮೂರು ಅಂದ್ರ ನೀರಿಲ್ಲ. ಖುಷಿಲೆ ಚಪ್ಪಾಳಿ ಹೊಡಕೊಂಡ್ಳು. ಮೇಜಿನ ಮ್ಯಾಲ ಮೋಟರ್ ಇರಲಿಲ್ಲ, ಮೋಟರಿನ ಬದ್ಲಿ ಒಂದು ಸಣ್ಣ ಹಸಿರು ದೀಪ ಇತ್ತು. ಅದು ಉರೀತಾನೇ ಇತ್ತು. ಆಕಿ ಸ್ಕ್ರೀನ್ ನೋಡಾಕತ್ತಿದ್ಳು.

ಮಂಗಳವಾರ ಮೂರೂ ಯಾರ್ಡಿಗೆ ಹೊಸ ಪ್ರೋಗ್ರಾಮ್ ಹಾಕಿ ಬಂದ್ಳು. ಒಂಬತ್ತು ದಿನ ಏನೂ ಆಗಲಿಲ್ಲ, ಯಾಕಂದ್ರ ಒಂಬತ್ತು ದಿನ ನೀರು ತಪ್ಪಲಿಲ್ಲ.

ಗುರುವಾರ ಮಧ್ಯಾಹ್ನ ಕರೆಂಟ್ ಹೋಗಿ ಬಂದು ಹೋಗಿ ಬಂದು ಮ್ಯಾಲಿನ ನೀರಿನ ಟಾಕಿ ತುಂಬಲಿಲ್ಲ. ಒಂದು ಕೊಯ್ತ ಮುಗದು ಇನ್ನೊಂದು ಸುರು ಆಗೋ ಮುಂದ ನೀರು ನಿಂತು. ಮಾಶಾಬಿ ನೀರು ನೋಡಿದ್ಳು. ಹತ್ತು ಎಣಿಸಿದ್ಳು. ಕಲ್ಲಿಗೆ ಕೈ ಹಾಕಿದ್ಳು.

ಬಲಗೈಯ ಮೂರು ಬೆರಳು ಹೋದವು.

ಉಮಾದೇವಿಗೆ ಫೋನ್ ಬಂದಾಗ ಆಕಿ ಲ್ಯಾಬಿನ್ಯಾಗ ಇದ್ಳು. ಫೋನ್ ಮಾಡಿದ್ದು ನಾಗೇಂದ್ರಪ್ಪ. "ಮೇಡಮ್ಮರೇ, ಮಾಶಾಬಿ ಕೈ ಹಾಕ್ಯಾಳ್ರಿ, ಗುಲ್ಬರ್ಗಾದ ದವಾಖಾನಿಗೆ ಕಳಿಸೀವಿ. ನೀವು ಜರಾ ಬಂದು ಮಷೀನ್ ಚೆಕ್ ಮಾಡಿ, ಸರಿ ಅದ ಅಂತ ಒಂದು ಚೀಟಿ ಬರದು ಕೊಡ್ರಿ." ಆಕಿ ಓಡಿ ಹೋದ್ಳು. ಯಾರ್ಡಿನ್ಯಾಗ ಮಷೀನ್ ಎಲ್ಲಾ ಬಂದ್, ಅಷ್ಟು ಶಾಂತ ಆ ಯಾರ್ಡನ್ನ ಆಕಿ ಯಾವತ್ತೂ ನೋಡಿರಲಿಲ್ಲ. ಮಷೀನ್ ನಡಸೋ ಭೀಮು ಕಲ್ಲಿನ ಗುಂಪಿ ಮ್ಯಾಲ ಕುಂತಿದ್ದ.

"ಭೀಮಣ್ಣಾ, ಏನಾತು?"

"ಏನ್ ಹೇಳ್ಲಿ ಮೇಡಂ... ಆಕಿ ಚೀರಿದ್ ಕೂಡ್ಲೇ ನಾ ಕರೆಂಟಿನ ಮೇನ್ ಸ್ವಿಚ್ ಎಳದೆ. ಎಳದ್ ಮ್ಯಾಲ ನಿಂತು ನೋಡ್ರಿ ಬ್ಲೇಡು."

ಎಳದ ಮ್ಯಾಲ. ಉಮಾದೇವಿ ಆ ಮಾತು ಕೇಳಿ ಅಲ್ಲೇ ಕುಂತ್ಳು. ಲ್ಯಾಪ್‌ಟಾಪ್ ತೆಗದ್ಳು. ಐದು ನಿಮಿಷನೂ ಬೇಕಾಗಲಿಲ್ಲ. ನೀರು ನೋಡೋ ಫಂಕ್ಷನ್, ನೀರಿಲ್ಲ, ಲಾಂಗ್‌ಜಂಪ್, ಸೀದಾ ಮೇನ್. ಮೇನ್ ಇ ಮೂರು ಅಂತ ತೋರಿಸಿ ಸುಮ್ನ ಕುಂತದ. ಆದ್ರ ಬ್ಲೇಡ್ ಬಂದ್ ಮಾಡೋ ಸಾಲು ಎಲ್ಲಿತ್ತು? ನಡುವಿನ ಫಂಕ್ಷನ್‌ದಾಗ ಇತ್ತು. ಅದರ ತಲಿ ಮ್ಯಾಲಿಂದ ಈಕಿ ಪ್ರೋಗ್ರಾಮ್ ಹಾರಿ ಬಂದಿತ್ತು. ನೀರಿಲ್ಲದ, ಮುಚ್ಚಳದ ಒಳಗ, ಯಾರಿಗೂ ಕಾಣದಂಗ ಬ್ಲೇಡ್ ತಿರಗಾಕತ್ತಿತ್ತು. ಮತ್ತ ಈ ಊರಿನ ಯಾರ್ಡಿನ್ಯಾಗ ನೀರಿಲ್ಲಂದ್ರ ಬ್ಲೇಡ್ ಇಲ್ಲ ಅಂತನೇ ಅರ್ಥ.

ನಾಗೇಂದ್ರಪ್ಪ ಹಾಳಿ ಹಿಡದು ನಿಂತಿದ್ರು. ಆಕಿ ಮೊದ್ಲು ಹಾಳಿ ಮುಟ್ಟಲಿಲ್ಲ. ಬ್ಲೇಡ್ ಬಂದ್ ಮಾಡೋ ಸಾಲನ್ನ ಮೇನ್‌ದಾಗ, ಜಂಪ್ ಬಂದು ಬೀಳೋ ಜಾಗಾಕ್ಕೇ ಹಾಕಿದ್ಳು, ಮೂರು ಸಲ ನೀರು ಬಂದ್ ಮಾಡಿ ಟೆಸ್ಟ್ ಮಾಡಿದ್ಳು, ಆಮ್ಯಾಲ ಹಾಳಿ ಮ್ಯಾಲ "ಮಷೀನ್ ಚೆಕ್ ಮಾಡಿದೆ, ಸರಿ ಅದ" ಅಂತ ಬರದು ಸಹಿ ಹಾಕಿದ್ಳು. ಸುಳ್ಳಂತೂ ಅಲ್ಲ. ಈಗ ಸರಿ ಇತ್ತಲ್ಲ!

ಮರುದಿನ ಕಾಲೇಜಿಗೆ ರಜಾ ಹಾಕಿ ಮೊದಲನೇ ಬಸ್ಸಿಗೇ ಚಿತ್ತಾಪುರಕ್ಕ ಹೋದ್ಳು, ಅಲ್ಲಿಂದ ಸೇಡಂಕ್ಕ. ಎರಡೂ ಕಡಿ ಪ್ರೋಗ್ರಾಮ್ ಬದಲಿ ಮಾಡಿದ್ಳು. ಯಾಕ್ರಿ ಮೇಡಂ ಅಂದ್ರ "ಹೊಸಾ ವರ್ಷನ್" ಅಂದ್ಳು. ಸಂಜಿ ವಾಪಸ್ ಬರೋ ಮುಂದ ಮಳಖೇಡದ ಕಾಗಿಣಾ ಬ್ರಿಜ್ ಮ್ಯಾಲ ಬಸ್ ನಿಂತಿತ್ತು, ಆಕಿ ಕಿಟಕಿಗೆ ಹಣಿ ಹಚ್ಚಿ, ನಾಳಿ ಹೇಳ್ತೀನಿ, ನಾಳಿ ಖರೇನೇ ಹೇಳ್ತೀನಿ ಅಂತ ಮನಸಿನ್ಯಾಗ ಅಂದ್ಕೊಂಡ್ಳು.

ಆ ನಾಳಿ ಬಂತು, ದವಾಖಾನಿಗೆ ಹೋದ್ಳು. ಮಾಶಾಬಿ ಕೈಗೆ ತಲಿದಿಂಬಿನಷ್ಟು ದಪ್ಪ ಪಟ್ಟಿ ಸುತ್ತಿದ್ರು. ಉಮಾದೇವಿನ್ನ ನೋಡಿ ನಕ್ಕಳು, ಆ ನಗು ನೋಡಿದ್ರ ಕಲ್ಲೂ ಅಳ್ತಿತ್ತು.

"ಬಾ ಉಮಿ. ನೋಡು, ನಿನ್ನ ಗೆಳತಿ ಹತ್ತು ಎಣಿಸಾಕ ಮರತಾಳ."

"ಹಂಗ್ಯಾಕ ಅಂತಿ..."

"ಎಣಿಸಿದಂಗ ನೆಪ್ಪದ. ಖರೇ ನೆಪ್ಪದ. ಆದ್ರ ಎಲ್ಲಾರೂ ಎಣಿಸಿಲ್ಲ ಅಂತಾರ. ಎಂಟಕ್ಕೇ ಕೈ ಹಾಕಿದೆನೋ ಏನೋ, ಯಾರಿಗೊತ್ತು. ಮನಿಯಾಗ ಹಿಟ್ಟು ಮುಗದಿತ್ತು, ಅದೇ ತಲಿಯಾಗಿತ್ತು. ನಂದೇ ತಪ್ಪ."

ಖರೇ ಮಾತು ಉಮಾದೇವಿ ಬಾಯಿ ತನಕ ಬಂದಿತ್ತು. ಬಾಜೂ ಹಾಸಿಗಿಯ ಮಂದಿ ನೋಡಾಕತ್ತಾರ ಅಂತ ಒಂದು ನೆವ, ನರ್ಸ್ ಬಂದ್ಳು ಅಂತ ಒಂದು ನೆವ. ಉಮಾದೇವಿ ಮೋಸಂಬಿ ಸುಲದು ಒಂದೊಂದೇ ತೊಳಿ ಗೆಳತಿ ಬಾಯಾಗ ಇಟ್ಟಳು. ಮರುದಿನನೂ ಹೋದ್ಳು. ಅದರ ಮರುದಿನನೂ. ಅಂತೂ ಒಂದಿನ ನಾಗೇಂದ್ರಪ್ಪಗ ಒಂದು ಮಾತು ಹೇಳಿ ನೋಡಿದ್ಳು, "ಸಾವ್ಕಾರೇ, ಪ್ರೋಗ್ರಾಮಿನ್ಯಾಗ ಜರಾ ಏನೋ ಇತ್ತು ಅನಸ್ತದ್ರಿ." ಅವರು ಆಕಡಿ ಈಕಡಿ ನೋಡಿ, "ಯವ್ವಾ, ಅನಸಿದ್ದೆಲ್ಲಾ ಮಂದಿ ಮುಂದ ಆಡಬ್ಯಾಡ್ರಿ. ನಿಮ್ಮದೂ ನೌಕರಿ ಅದ. ಆಕೀನೇ ತನ್ನದೇ ತಪ್ಪ ಅನ್ನಾಕತ್ತಾಳ" ಅಂದ್ರು. ಖರೇ ಹೇಳಬೇಕಂದ್ರ ಆ ಮಾತು ಕೇಳಿ ಆಕಿಗೆ ಒಂದು ಕ್ಷಣ ಉಸಿರು ಹಗುರಾತು. ಆ ಹಗುರಾಗಿದ್ದಕ್ಕೇ ಆಮ್ಯಾಲ ಆಕಿಗೆ ತನ್ನ ಮ್ಯಾಲ ಹೇಸಿಕಿ ಬಂತು.

ಮಾಶಾಬಿ ಮನಿಗೆ ಬಂದ್ಳು. ಹನ್ನೊಂದನೇ ದಿನ ಉಮಾದೇವಿ ಆಕಿ ಮನಿ ಬಾಗಲಾಗ ನಿಂತಾಗ ಅತ್ತಿ ಜೈಬುನ್ನೀಸಾ ರೊಟ್ಟಿ ಬಡೀತಿದ್ಳು, ಮಾಶಾಬಿ ಗ್ವಾಡಿಗೆ ಒರಗಿ ಎಡಗೈಲೆ ಅಕ್ಕಿ ಆರಸಾಕತ್ತಿದ್ಳು, ಒಂದು ಹಳ್ಳು ಹಿಡ್ಯಾಕ ಮೂರು ಸಲ ಬೆರಳು ಜಾರ್ತಿತ್ತು.

"ಬರ್ರಿ ಮೇಡಂ, ಕುಂದ್ರಿ," ಅಂದ್ಳು ಜೈಬುನ್ನೀಸಾ. "ನಿಮ್ಮ ಗೆಳತಿಗೆ ಜರಾ ಎಣಕಿ ಕಲಸ್ರಿ. ನಾ ಮೂವತ್ತು ವರ್ಷ ಕಲ್ಲು ಹೊತ್ತೀನಿ, ನೋಡ್ರಿ ನನ್ನ ಹತ್ತೂ ಬೆರಳು. ಈಕಿಗೆ ಹತ್ತರ ತನಕ ಬರಲಿಲ್ಲ. ಮಷೀನಿಗೆ ಬೈಯ್ಯಾಣಂದ್ರ ನೀವೇ ಚೀಟಿ ಬರದು ಕೊಟ್ಟೀರಿ, ಸಾವ್ಕಾರ್ರು ತಂದು ತೋರಿಸಿ ಹೋದ್ರು."

ಆ ಚೀಟಿ ಈ ಮನಿ ತನಕ ಬಂದದ ಅಂತ ಉಮಾದೇವಿಗೆ ಗೊತ್ತೇ ಇರಲಿಲ್ಲ. ಆಕಿ ಕುಂಡ್ರಲಿಲ್ಲ. ನಿಂತೇ ಅಂದ್ಳು.

"ಮಾಶಾ, ನೀ ಹತ್ತು ಎಣಿಸಿದ್ದಿ."

ಮಾಶಾಬಿ ಮಾರಿ ಎತ್ತಿದ್ಳು.

"ನೀ ಇಪ್ಪತ್ತು ಎಣಿಸಿದ್ರೂ, ನೂರು ಎಣಿಸಿದ್ರೂ ಅದು ನಿಂದರ್ತಿದ್ದಿಲ್ಲ. ತಪ್ಪು ನಂದು. ಪ್ರೋಗ್ರಾಮ್ ತಪ್ಪಿತ್ತು."

ರೊಟ್ಟಿ ಬಡಿಯೋ ಸಪ್ಪಳ ನಿಂತು. ಮಾಶಾಬಿ, "ಕುಂತು ಹೇಳು. ನನಗ ತಿಳಿಯೋ ಹಂಗ ಹೇಳು," ಅಂದ್ಳು.

ಉಮಾದೇವಿ ನೆಲಕ್ಕ ಕುಂತ್ಳು. "ನಾಕು ಮಂದಿ ಹೆಣ್ಮಕ್ಕಳು ಸಾಲಾಗಿ ನಿಂತೀರಿ ಅಂತ ತಿಳ್ಕೋ. ಕಟ್ಟಕಡೀ ಆಕಿ ಕೆಲಸ ನೀರು ನೋಡೋದು. ನೀರು ಹೋತಂದ್ರ ಆಕಿ ಮಗ್ಗಲಾಕಿಗೆ ಹೇಳಬೇಕು. ಮಗ್ಗಲಾಕಿ ಬ್ಲೇಡ್ ಬಂದ್ ಮಾಡಿ ಮುಂದಿನಾಕಿಗೆ ಹೇಳಬೇಕು. ಆಕಿ ಮೊದಲನೇ ಆಕಿಗೆ. ಮೊದ್ಲು ಹಿಂಗೇ ಇತ್ತು. ನನಗ ಅದು ಲಾಂಬ ದಾರಿ ಅನಸ್ತು. ಕಡೀ ಆಕಿಗೆ ನಾ ಅಂದೆ, ನಡುವ ಯಾರಿಗೂ ಹೇಳಬ್ಯಾಡ, ಎಲ್ಲಾರನ್ನೂ ದಾಟಿ ಸೀದಾ ಮೊದಲನೇ ಆಕಿ ಹತ್ರ ಜಿಗಿ ಅಂತ."

ಮಾಶಾಬಿ ಅಕ್ಕಿ ಮೊರ ಸರಿಸಿ ಇಟ್ಟಳು. "ನಡುವಿನಾಕಿಗೆ ಗೊತ್ತೇ ಆಗಲಿಲ್ಲ."

"ಇಲ್ಲ."

"ಬ್ಲೇಡ್ ಆಕಿ ಕೈಯಾಗ ಇತ್ತು."

"ಹೂಂ."

ಕಾಲೇಜಿನ್ಯಾಗ ಎರಡು ತಾಸು ಹೇಳಿದ್ರೂ ಅರ್ಧ ಕ್ಲಾಸಿಗೆ ತಲಿಗೆ ಹೋಗದ ಮಾತು ಆಕಿಗೆ ಎರಡೇ ಮಾತಿನ್ಯಾಗ ಹೋಗಿತ್ತು. ಆಕಿ ಕಣ್ಣಾಗ ಏನೋ ಬೆಳಕು ಬಂದಂಗ ಆತು, ಅತ್ತಿ ಕಡಿ ತಿರುಗಿ, "ಕೇಳಿದಿರಿ ಅಮ್ಮಾ? ನಾ ಎಣಿಸಿದ್ದೆ," ಅಂದ್ಳು. ಜೈಬುನ್ನೀಸಾ ಹಿಟ್ಟಿನ ಕೈಲೇ ಬಾಯಿ ಮುಚ್ಚಿಕೊಂಡಿದ್ಳು. ಮಾಶಾಬಿ ಮತ್ತ ಈಕಡಿ ತಿರುಗಿದ್ಳು.

"ನಿಂಗ ಇದು ಎಂದ ಗೊತ್ತಾತು?"

ಉಮಾದೇವಿ ಸುಳ್ಳು ಹೇಳಬಹುದಿತ್ತು. ನಿನ್ನಿ ಅನ್ನಬಹುದಿತ್ತು. "ಅವತ್ತೇ. ಸಂಜೀಕೆ."

"ಅವತ್ತೇ."

"ಮರುದಿನ ಚಿತ್ತಾಪುರದ್ದು, ಸೇಡಂದು ಎರಡೂ ಮಷೀನ್ ಸರಿ ಮಾಡಿ ಬಂದೆ ಮಾಶಾ, ಇನ್ಯಾರಿಗೂ ಹಿಂಗ ಆಗಬಾರದು ಅಂತ—"

"ಮಷೀನಿಗೆ ಮರುದಿನಾನೇ ಹೇಳಿದಿ." ಮಾಶಾಬಿ ದನಿ ಏರಲಿಲ್ಲ, ಏರಿದ್ರ ಛಲೋ ಇತ್ತು. "ದವಾಖಾನ್ಯಾಗ ಮೋಸಂಬಿ ತಿನಿಸಿದಿಯಲ್ಲ, ಆವಾಗ ನಿಂಗ ಗೊತ್ತಿತ್ತು. ನಾ ನಂದೇ ತಪ್ಪ ಅನ್ನಾಕತ್ತಿದ್ದೆ, ನೀ ತೊಳಿ ಬಿಡಿಸಿ ಬಿಡಿಸಿ ಬಾಯಾಗ ಇಡಾಕತ್ತಿದ್ದಿ. ದಿನಾ ಮಕ್ಕೊಂಡಾಗ ಒಂದು ಎರಡು ಮೂರು ಅಂತ ಎಣಿಸಿ ನೋಡ್ತಿದ್ದೆ ಉಮಾ, ಎಲ್ಲಿ ತಪ್ಪಿದೆ ಅಂತ. ಹನ್ನೊಂದು ದಿನ."

ಉಮಿ ಅನ್ನಾಕಿ ಉಮಾ ಅಂದಿದ್ಳು. ಉಮಾದೇವಿ ಅಳಾಕತ್ತಿದ್ಳು, ಮಾಶಾಬಿ ಅಳಲಿಲ್ಲ.

"ನಾಳಿ ಯಾರ್ಡಿಗೆ ಬಾ. ಉಣ್ಣೋ ಹೊತ್ತಿಗೆ. ನನಗ ಹೇಳಿದಂಗೇ ಎಲ್ಲಾರಿಗೂ ಹೇಳು."

ಉಮಾದೇವಿ ಹೋದ್ಳು. ಇಪ್ಪತ್ತು ಇಪ್ಪತ್ತೆರಡು ಹೆಣ್ಮಕ್ಕಳು ಬುತ್ತಿ ಬಿಚ್ಚಿ ಕುಂತಿದ್ರು, ಭೀಮು ಇದ್ದ, ನಾಗೇಂದ್ರಪ್ಪ ಆಫೀಸಿನ ಬಾಗಲಾಗ ನಿಂತು ಕಣ್ಸನ್ನಿ ಮಾಡಾಕತ್ತಿದ್ರು, ಬ್ಯಾಡ್ರಿ ಬ್ಯಾಡ್ರಿ ಅಂತ. ಆಕಿ ನಾಕು ಮಂದಿ ಹೆಣ್ಮಕ್ಕಳ ಸಾಲಿನ ಮಾತು ಹೇಳಿದ್ಳು. ಚೀಟಿ ತಾ ಬರದದ್ದು, ಸರಿ ಮಾಡಿದ ಮ್ಯಾಲ ಬರದದ್ದು ಅಂತ ಹೇಳಿದ್ಳು. ಅವತ್ತೇ ಗೊತ್ತಿತ್ತು ಅನ್ನೋದನ್ನೂ ಬಿಡಲಿಲ್ಲ. ಯಾರೂ ತುತ್ತು ಎತ್ತಲಿಲ್ಲ. ಒಬ್ಬಾಕಿ ಮುದುಕಿ ಎದ್ದು ಬಂದು ಮಾಶಾಬಿ ಗದ್ದ ಹಿಡದು, "ನಾನೂ ಆಡಿದ್ದೆ ಯವ್ವಾ, ಎಣಿಸಿಲ್ಲ ಅಂತ. ನನ್ನ ಬಾಯಾಗ ಮಣ್ಣು ಬೀಳಲಿ," ಅಂದ್ಳು. ಜೈಬುನ್ನೀಸಾ ಸೊಸಿ ಬೆನ್ನ ಮ್ಯಾಲ ಕೈ ಇಟ್ಕೊಂಡೇ ನಿಂತಿದ್ಳು.

ಸಾವ್ಕಾರ್ರು ಅವತ್ತೇ ಪ್ಯಾನೆಲ್ ಬಿಚ್ಚಿಸಿ ಒಂದೇ ಹಿಡಿಕಿ ಹಾಕಿಸಿದ್ರು, ಎಳದ್ರ ಎರಡೂ ಬಂದ್ ಆಗೋದು. ಉಮಾದೇವಿಗೆ ಇನ್ನ ಮ್ಯಾಲ ಬರಬ್ಯಾಡ್ರಿ ಅಂದ್ರು. ಆಕಿ ಅದನ್ನ ಸರಿಯಾಗಿ ಕೇಳಿಸ್ಕೊಳ್ಳಲೂ ಇಲ್ಲ, ಗೇಟಿನ ಕಡಿ ನಡದಿದ್ದ ಮಾಶಾಬಿ ಹಿಂದ ಓಡಿದ್ಳು.

"ಮಾಶಾ! ಮಾಶಾ, ಒಂದು ಮಾತು."

ಮಾಶಾಬಿ ನಿಂತ್ಳು, ಆದ್ರ ತಿರುಗಲಿಲ್ಲ. "ಹೇಳಿದಿ. ಛಲೋ ಮಾಡಿದಿ," ಅಂದ್ಳು. "ಬ್ಲೇಡಿಂದು ನಾ ಮರೀತೀನಿ ಉಮಾ. ಹನ್ನೊಂದು ದಿನದ್ದು ಆಗಂಗಿಲ್ಲ. ನೀ ಇನ್ನ ಮನಿ ಕಡಿ ಬರಬ್ಯಾಡ." ಅಷ್ಟಂದು ಅತ್ತಿ ಜೋಡಿ ನಡದೇ ಬಿಟ್ಟಳು.

ಉಮಾದೇವಿ ಈಗೂ ವಾಡಿಯಿಂದ ಅದೇ ಗಾಡಿಗೆ ಬರ್ತಾಳ. ಲ್ಯಾಬಿನ್ಯಾಗ ಯಾರರ ಲಾಂಗ್‌ಜಂಪ್ ಕೇಳಿದ್ರ ಕಲಸ್ತಾಳ, ಜಂಪ್ ಬರೆಯೋ ಮೊದ್ಲು ನಡುವಿನವರ ಕೈಯಾಗ ಏನೇನದ ಅಂತ ಹಾಳಿ ಮ್ಯಾಲ ಬರೀರಿ ಅಂತಾಳ, ಬರೀದೇ ಇದ್ರ ಕಂಪ್ಯೂಟರ್ ಮುಟ್ಟಾಕ ಬಿಡಂಗಿಲ್ಲ, ಹುಡುಗ್ರು ಮೇಡಂ ಭಾಳ ಸ್ಟ್ರಿಕ್ಟ್ ಅಂತ ಗುಣಗುಣ ಮಾಡ್ತಾರ. ಶುಕ್ರವಾರಕ್ಕೊಮ್ಮೆ ಮಾಶಾಬಿಗೆ ಫೋನ್ ಹಚ್ತಾಳ. ಪುರಾ ರಿಂಗ್ ಆಗ್ತದ. ಮಾಶಾಬಿ ಕಟ್ ಮಾಡಂಗಿಲ್ಲ, ಎತ್ತಂಗೂ ಇಲ್ಲ.